ನೆತ್ತಿಯ ಎಣ್ಣೆ, ಕಿವಿಯ ಟೊಪ್ಪಿಗೆ

ಬೆಂಗಳೂರಿಗೆ ಬಂದ ಮರುದಿನ ಬೆಳಿಗ್ಗೆ ನನ್ನ ಮಗನ ಬಾಯಿಂದ ಹೊಗೆ ಬಂತು. ಅವನನ್ನು ಎತ್ತಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಒಂದೂವರೆ ವರ್ಷದ ಕೂಸು "ಅವ್ವಾ" ಎಂದು ಬಾಯಿ ತೆರೆದದ್ದೇ ತಡ, ಬೆಳ್ಳಗೆ ಹೊಗೆ. "ಏನ್ರೀ, ಲಗೂನ ಬರ್ರಿ, ಬಸುನ ಬಾಯಾಗಿಂದ ಹೊಗಿ ಬರಾಕತ್ತೈತಿ" ಎಂದು ಕೂಗಿದೆ. ಹಲ್ಲುಜ್ಜುತ್ತಿದ್ದ ನಮ್ಮವರು ಓಡಿಬಂದು ನನ್ನ ಮುಖವನ್ನೇ ನೋಡಿದರು. "ನಿನ್ನ ಬಾಯಾಗಿಂದನೂ ಬರಾಕತ್ತೈತಿ, ಸುಮ್ನಿರು" ಎಂದು ನಕ್ಕು ಬಾಯಿ ಮುಕ್ಕಳಿಸಲು ಹೋದರು.

ಆಗ ನಮ್ಮ ಗದಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಇದು ಮೈಸೂರು ರಾಜ್ಯ. ರೈಲು ಹರಿಹರದ ಸೇತುವೆ ದಾಟಿದರೆ ಸರ್ಕಾರವೇ ಬೇರೆ. ಸರ್ಕಾರ ಬೇರೆ ಎಂದು ಎಲ್ಲರೂ ಹೇಳಿ ಕಳಿಸಿದ್ದರು, ಚಳಿ ಬೇರೆ ಎಂದು ಒಬ್ಬರೂ ಹೇಳಿರಲಿಲ್ಲ. ನಮ್ಮವರಿಗೆ ರಾಜಾಜಿನಗರದ ಹೊಸ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ ಸಿಕ್ಕಿತ್ತು. ನಾವು ಬಂದಿಳಿದದ್ದು ಡಿಸೆಂಬರಿನಲ್ಲಿ. ನಮ್ಮೂರ ಮಣ್ಣಿನ ಮಾಳಿಗೆ ಮನೆಯ ಗೋಡೆ ಮೊಳಕ್ಕಿಂತ ದಪ್ಪ, ಹೊರಗೆ ಬಿಸಿಲು ಎಷ್ಟೇ ಕಾದರೂ ಒಳಗೆ ತಂಪು. ಇಲ್ಲಿಯದು ಗೇಣಗಲದ ಗೋಡೆ, ಮೇಲೆ ಹೆಂಚು, ಕೆಳಗೆ ಬೆಳಗಾದರೆ ಕಾಲು ಕಚ್ಚುವ ಸಿಮೆಂಟು ನೆಲ. ಸುತ್ತ ಕಲ್ಲು ನೆಟ್ಟು ಗುರುತು ಮಾಡಿದ ಸೈಟುಗಳು, ಅವುಗಳ ನಡುವೆ ಕೊಯ್ದ ರಾಗಿಯ ಕೂಳೆ. ಇದು ಊರೋ ಹೊಲವೋ ಎಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು.

ಮಾತಿನ ಕಥೆ ಇನ್ನೊಂದು. ಅಂಗಡಿಯಲ್ಲಿ ಶೇಂಗಾ ಕೇಳಿದರೆ ಅಂಗಡಿಯವರು ಸುಮ್ಮನೆ ನೋಡುತ್ತಿದ್ದರು. ಅದು ಇಲ್ಲಿ ಕಡ್ಲೆಕಾಯಿ. ಕೈ ತೋರಿಸಿ ತೋರಿಸಿ ಸಾಮಾನು ತರುವುದನ್ನು ಕಲಿತೆ. ಒಂದು ದಿನ ಅವರು ಮೆಚ್ಚಿಕೊಂಡು, "ಪರವಾಗಿಲ್ಲ ಕಣಮ್ಮ, ನೀವು ಕನ್ನಡ ಚೆನ್ನಾಗೇ ಕಲಿತಿದೀರಿ" ಎಂದರು. ಹುಟ್ಟಿದಾಗಿನಿಂದ ಆಡಿದ ಭಾಷೆಗೆ ಸಿಕ್ಕ ಶಹಭಾಸ್‌ಗಿರಿ ಅದು. ಮನೆಗೆ ಬಂದು ಒಬ್ಬಳೇ ನಕ್ಕೆ, ಆಮೇಲೆ ಒಬ್ಬಳೇ ಇದ್ದೇನಲ್ಲ ಎಂದು ಸ್ವಲ್ಪ ಅತ್ತೆ.

ಇಷ್ಟರಲ್ಲಿ ಬಸುವಿನ ಮೂಗು ಸೋರತೊಡಗಿತು. ನಮ್ಮ ಕಡೆಯವರಿಗೆ ಗೊತ್ತೇ ಇದೆ, ಕೂಸಿಗೆ ಏನೇ ಆದರೂ ಮೊದಲು ನೆತ್ತಿ ಮುಟ್ಟಿ ನೋಡುತ್ತೇವೆ. ನೆತ್ತಿ ಕಾದಿದೆ ಅನ್ನಿಸಿದರೆ ಉಷ್ಣ, ಉಷ್ಣಕ್ಕೆ ಔಡಲೆಣ್ಣೆ, ಇಲ್ಲಿಯವರ ಹರಳೆಣ್ಣೆ. ಅಂಗೈ ತುಂಬ ಎಣ್ಣೆ ಸುರಿದು ನೆತ್ತಿಯ ಮೇಲೆ ತಟ್ಟಿ ತಟ್ಟಿ ಇಂಗಿಸಿ, ಮರುದಿನ ತಲೆಯ ಮೇಲೆ ಬಿಸಿನೀರು ಎರೆಯುವುದು. ನಮ್ಮತ್ತೆ ಒಂದು ಸೀಸೆ ಎಣ್ಣೆ ಕೊಟ್ಟು, "ಒಂದು ದಿನ ತಪ್ಪಿಸಬ್ಯಾಡ" ಎಂದಿದ್ದರು. ನಾನು ತಪ್ಪಿಸಲಿಲ್ಲ. ಮೂಗು ಹೆಚ್ಚು ಸೋರಿದಷ್ಟೂ ಉಷ್ಣ ಹೆಚ್ಚಾಯಿತೆಂದು ತಿಳಿದು ಎರಡು ಹೊತ್ತು ತಟ್ಟಿದೆ. ಕೂಸು ರಾತ್ರಿಯೆಲ್ಲ ಮೂಗು ಕಟ್ಟಿ ಒದ್ದಾಡುತ್ತಿತ್ತು. ಮೂಗಿನ ಕೆಳಗೆ ಒರೆಸಿ ಒರೆಸಿ ಚರ್ಮ ಕೆಂಪಾಯಿತು, ಹಾಲು ಕುಡಿಯಲು ಹೋಗಿ ಉಸಿರು ಸಿಕ್ಕದೆ ಅಳುತ್ತಿತ್ತು. ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂಬ ಗಾದೆ ಮಾಡಿದವರಿಗೆ ಖಂಡಿತ ಒಂದು ಕೂಸಿತ್ತು.

ನಮ್ಮ ಮನೆಗೆ ಹಾಲು ಕೊಡುತ್ತಿದ್ದವರು ಮುನಿಯಮ್ಮ. ಬೆಳಿಗ್ಗೆ ಹಸುವನ್ನೇ ಬಾಗಿಲಿಗೆ ಹೊಡೆದುಕೊಂಡು ಬಂದು, ನಮ್ಮ ಪಾತ್ರೆಗೆ ನಮ್ಮ ಕಣ್ಣೆದುರೇ ಕರೆದು ಕೊಡುತ್ತಿದ್ದರು. ಬಡಾವಣೆ ಆಗುವ ಮೊದಲು ಇದೆಲ್ಲ ಅವರ ಮನೆತನದ ಹೊಲವಂತೆ. "ನಿಮ್ಮ ಬಚ್ಚಲು ಐತಲ್ಲ, ಅಲ್ಲೇ ನಮ್ಮ ಕಣ ಇದ್ದಿದ್ದು" ಎಂದು ಒಮ್ಮೆ ಹೇಳಿದ್ದರು. ಹಾಗೆ ಹೇಳುವಾಗ ಅವರಿಗೆ ಬೇಸರವಿತ್ತೋ ಹೆಮ್ಮೆಯಿತ್ತೋ ನನಗೆ ತಿಳಿಯಲಿಲ್ಲ.

ಅಂದು ಹಾಲು ಕರೆಯುತ್ತಲೇ ಅವರು ಬಸುವಿನ ತಲೆ ನೋಡಿದರು. "ಏನ್ ತಾಯಿ, ಮಗೀಗೆ ನೆಗಡಿ ಆಗಿರೋವಾಗ ನೆತ್ತಿಗೆ ಹರಳೆಣ್ಣೆ ಮೆತ್ತಿದೀಯಲ್ಲ. ಈ ಚಳೀಲಿ ತಲೆಗೆ ನೀರೂ ಹಾಕ್ತೀಯಾ?"

"ನಮ್ಮ ಕಡೆ ಹಿಂಗ ಮಾಡೋದ್ರಿ" ಎಂದೆ.

"ನಿಮ್ ಕಡೆ ಬಿಸ್ಲು ಕಣವ್ವ. ಅಲ್ಲಿ ನೆತ್ತಿ ತಣ್ಣಗಾಗ್ಬೇಕು. ಇಲ್ಲಿ ತಣ್ಣಗಿರೋದನ್ನ ಇನ್ನೂ ತಣ್ಣಗೆ ಮಾಡಿದ್ರೆ ಮೂಗು ಸುರೀದೆ ಇನ್ನೇನಾಗ್ತದೆ?"

ನನಗೆ ಸಿಟ್ಟು ಬಂತು. ಎಲ್ಲವನ್ನೂ ಬಿಟ್ಟು ಬಂದಿದ್ದೆ. ಊರಿನಿಂದ ತಂದದ್ದೆಂದರೆ ಆ ಎಣ್ಣೆಯ ಸೀಸೆಯೊಂದೇ. ಅದಕ್ಕೂ ಅಡ್ಡ ಮಾತು. ಹಾಲಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದವಳು, ಹಟಕ್ಕೆ ಬಿದ್ದು ಬಸುವಿಗೆ ಇನ್ನೊಂದು ಅಂಗೈ ಎಣ್ಣೆ ತಟ್ಟಿದೆ.

ಮಾರನೆಯ ಸೋಮವಾರ ಅತ್ತೆಯ ಕಾಗದ ಬಂತು. ಕೂಸಿನ ನೆಗಡಿಯ ವಿಷಯವನ್ನು ನಮ್ಮವರು ಮೊದಲೇ ಬರೆದುಬಿಟ್ಟಿದ್ದರು. ಅತ್ತೆ ಯಾರ ಕೈಲೋ ಬರೆಸಿದ್ದರು: ಬರುವ ಆದಿತವಾರ ಬರುತ್ತೇನೆ. ಕೂಸಿನ ಮೂಗು ಸೋರುವುದು ನಿಂತಿದ್ದರೆ ಸರಿ. ಇಲ್ಲವಾದರೆ ಆ ಊರ ಹವೆ ಅವನಿಗೆ ಹಿಡಿಸುವುದಿಲ್ಲ ಎಂದರ್ಥ, ನನ್ನ ಜೊತೆ ಕರೆದುಕೊಂಡು ಬರುತ್ತೇನೆ. ಗಂಡನಿಗೆ ರೊಟ್ಟಿ ಬಡಿಯಲು ನೀನು ಅಲ್ಲೇ ಇರು.

ನಮ್ಮವರು ಕಾಗದ ಮಡಚಿ, "ಅವ್ವ ಹೇಳೋದೂ ಖರೇನ. ನಾಲ್ಕು ತಿಂಗಳು ಅಲ್ಲಿದ್ರ ಏನಾತು?" ಎಂದರು.

ನಾಲ್ಕು ತಿಂಗಳು. ಆ ಮನೆಯಲ್ಲಿ ನಾನು ಇಡೀ ದಿನ ಮಾತಾಡುತ್ತಿದ್ದದ್ದು ಆ ಕೂಸಿನ ಜೊತೆ ಮಾತ್ರ. ನನ್ನ ಭಾಷೆ ತಿಳಿಯುತ್ತಿದ್ದದ್ದೂ ಅವನೊಬ್ಬನಿಗೇ. ಆದಿತವಾರಕ್ಕೆ ಆರು ದಿನ ಉಳಿದಿತ್ತು.

ಮರುದಿನ ಹಸುವಿನ ಗಂಟೆ ಕೇಳುತ್ತಲೇ ನಾನೇ ಹೊರಗೆ ಹೋದೆ. ಹಟ ಬಿಡುವುದು ಎಣ್ಣೆ ತೊಳೆಯುವುದಕ್ಕಿಂತ ಕಷ್ಟ. "ಮುನಿಯಮ್ಮಾರ, ಏನ್ ಮಾಡ್ಬೇಕು ಹೇಳ್ರಿ. ನೀವು ಹೇಳಿದಂಗ ಮಾಡ್ತೇನಿ" ಎಂದೆ. ಅವರು ನಗಲಿಲ್ಲ, ಕೊಂಕು ಆಡಲಿಲ್ಲ. ಹಸುವನ್ನು ಕಲ್ಲುಕಂಬಕ್ಕೆ ಕಟ್ಟಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು.

ಮೊದಲು ಎಣ್ಣೆಯ ಸೀಸೆಯನ್ನು ಎತ್ತಿ ಮೇಲಿನ ಗೂಡಿನಲ್ಲಿಟ್ಟರು. ತಲೆಗೆ ನೀರು ಬೇಡ, ಬಿಸಿನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸು ಸಾಕು ಎಂದರು. ಬಚ್ಚಲಿನ ಹಂಡೆಯಲ್ಲಿ ನೀರು ಕುದಿಸಿ, ಬಾಗಿಲು ಮುಂದೆ ಮಾಡಿ, ಒಲೆಯಿಂದ ದೂರದಲ್ಲಿ ಮಣೆ ಹಾಕಿ ನನ್ನನ್ನು ಕೂಸಿನ ಸಮೇತ ಕೂರಿಸಿದರು. ಬಚ್ಚಲ ತುಂಬ ಬೆಚ್ಚನೆಯ ಹಬೆ. ಸ್ವಲ್ಪ ಹೊತ್ತಿಗೆ ಬಸುವಿನ ಮೂಗು ಸಡಿಲಾಯಿತು. ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ, ಬಟ್ಟೆಯ ತುದಿಯಿಂದ ಮೂಗಿಗೆ ಎರಡು ಹನಿ ಬಿಟ್ಟರು. ಅವನು ಸೀನಿದ ರಭಸಕ್ಕೆ ಮುನಿಯಮ್ಮನ ಸೆರಗು ಹಾಳಾಯಿತು. "ಹಾಳಾಗ್ಲಿ ಬಿಡು, ಒಳಗಿದ್ದಿದ್ದು ಹೊರಗೆ ಬಂತಲ್ಲ" ಎಂದರು.

ಅವರ ಹಿತ್ತಲಿನಿಂದ ದೊಡ್ಡಪತ್ರೆ ಬಂತು. ದಪ್ಪನೆಯ, ನವಿರು ಕೂದಲಿನ ಎಲೆ. ಕಿವುಚಿದರೆ ನಮ್ಮ ಅಜವಾನದ, ಇಲ್ಲಿಯ ಓಮದ ವಾಸನೆ. ಅದನ್ನು ಕೆಂಡದ ಮೇಲೆ ಬಾಡಿಸಿ ಹಿಂಡಿ, ನಾಲ್ಕು ಹನಿ ರಸಕ್ಕೆ ಜೇನು ಬೆರೆಸಿ ನೆಕ್ಕಿಸಿದೆವು. ಮೂಗು ಒರೆಸಲು ಮೆತ್ತನೆಯ ಹಳೆ ಸೀರೆ, ಕೆಂಪಾದ ಜಾಗಕ್ಕೆ ಬೆಣ್ಣೆ. ಊಟಕ್ಕೆ ರಾಗಿ ಸರಿ, ಅಂದರೆ ರಾಗಿಹಿಟ್ಟನ್ನು ತೆಳುಬಟ್ಟೆಯಲ್ಲಿ ಸೋಸಿ ತೆಳ್ಳಗೆ ಬೇಯಿಸಿದ್ದು. ಜೋಳದ ನಾಡಿನಲ್ಲಿ ಹುಟ್ಟಿದವನು ಮೊದಲ ತುತ್ತನ್ನು ನನ್ನ ಮುಖಕ್ಕೇ ಉಗಿದ, ಎರಡನೆಯದನ್ನು ನುಂಗಿದ. ಕೊನೆಗೆ ಮುನಿಯಮ್ಮ ತಮ್ಮ ಮೊಮ್ಮಗನ ಹಳೆಯ ಉಣ್ಣೆ ಟೊಪ್ಪಿಗೆ ತಂದು ಅವನ ಕಿವಿ ಮುಚ್ಚಿ ಕಟ್ಟಿದರು. "ಇದನ್ನ ಮಾತ್ರ ತೆಗೀಬ್ಯಾಡ. ಉಸಿರಾಡಕ್ಕೆ ಕಷ್ಟ ಪಟ್ರೆ, ಜ್ವರ ಬಂದ್ರೆ ನನ್ನ ಕಾಯ್ಬ್ಯಾಡ, ಡಾಕ್ಟ್ರ ಹತ್ರ ಓಡು."

ಜ್ವರ ಬರಲಿಲ್ಲ. ಗುರುವಾರ ರಾತ್ರಿ ಅವನು ಮಧ್ಯೆ ಎದ್ದು ಅಳದೆ ಮಲಗಿದ. ಶನಿವಾರ ಮೂಗು ಒಣಗಿತ್ತು.

ಆದಿತವಾರ ಅತ್ತೆ ಬಂದರು. ಕೈಕಾಲು ತೊಳೆದವರೇ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಮೂಗು ನೋಡಿದರು, ಎದೆಗೆ ಕಿವಿಯಿಟ್ಟು ಕೇಳಿದರು. ಆಮೇಲೆ ಟೊಪ್ಪಿಗೆ ಬಿಚ್ಚಿ ನೆತ್ತಿ ಮುಟ್ಟಿದರು. "ಒಣಗಿ ಕಟಗಿ ಆಗೈತಿ. ಎಣ್ಣಿ ಹಚ್ಚಿಲ್ಲೇನು?" ತಮ್ಮ ಗಂಟಿನಿಂದ ಹೊಸ ಸೀಸೆ ತೆಗೆದು ಅಂಗೈಗೆ ಸುರಿದುಕೊಂಡರು.

"ಅತ್ತಿ, ಬ್ಯಾಡ್ರಿ" ಎಂದೆ.

ಮದುವೆಯಾಗಿ ನಾಲ್ಕು ವರ್ಷದಲ್ಲಿ ನಾನು ಅವರಿಗೆ ಬೇಡ ಎಂದದ್ದು ಅದೇ ಮೊದಲು. ನಮ್ಮವರು ಗೋಡೆಯ ಕಡೆ ತಿರುಗಿ ಕ್ಯಾಲೆಂಡರ್ ಓದತೊಡಗಿದರು.

"ನಿನ್ನ ಗಂಡನ್ನ ಇದ ಎಣ್ಣಿ ಹಚ್ಚಿ ಬೆಳಿಸೇನಿ."

"ಹೌದ್ರಿ. ಗದಗಿನ್ಯಾಗ ಬೆಳಿಸೀರಿ. ಇಲ್ಲಿ ಚಳಿ ಭಾಳ ಐತ್ರಿ. ನಾನೂ ದಿನಾ ಹಚ್ಚಿದ್ದೆ, ಅದಕ್ಕ ಮೂಗು ನಿಂತಿರ್ಲಿಲ್ಲ." ಮಗನ ನೆತ್ತಿಯ ಮೇಲೆ ನನ್ನ ಕೈ ಇಟ್ಟೆ, ತೆಗೆಯಲಿಲ್ಲ.

ಸುರಿದ ಎಣ್ಣೆ ಹಾಳಾಗಬಾರದಲ್ಲ, ಅತ್ತೆ ಅಂಗೈಯನ್ನು ತಮ್ಮ ನೆತ್ತಿಗೇ ತಟ್ಟಿಕೊಂಡರು. ಮರುದಿನ ಪದ್ಧತಿಯಂತೆ ತಲೆಗೆ ಎರೆದುಕೊಂಡು, ಒದ್ದೆ ಕೂದಲು ಆರಿಸಲು ಮಂಜಿನ ಬೆಳಗಿನಲ್ಲಿ ಅಂಗಳದಲ್ಲಿ ನಿಂತರು. ಬುಧವಾರ ಅವರ ಸೀನಿಗೆ ಹೆಂಚು ಅದುರಿತು.

ಹಂಡೆಗೆ ಉರಿ ಹಾಕಿದೆ. ಮುನಿಯಮ್ಮ ದೊಡ್ಡಪತ್ರೆ ಹಿಡಿದು ಬಂದರು. ಹಬೆ ತುಂಬಿದ ಬಚ್ಚಲಲ್ಲಿ ಅವರೂ ಅತ್ತೆಯೂ ಎದುರುಬದುರು ಕೂತರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವೇ ತಿಳಿಯುತ್ತಿತ್ತು, ಹಾಗಾಗಿ ಇಬ್ಬರೂ ಎರಡರಷ್ಟು ಮಾತಾಡಿದರು. "ಇಲ್ಲೇ ನಮ್ಮ ಕಣ ಇದ್ದಿದ್ದು" ಎಂದು ಮುನಿಯಮ್ಮ ಹೇಳುವುದು ಕೇಳಿಸಿತು. "ಕಣದಾಗ ಕುಂತು ಮೂಗು ಸೀಟಾಕತ್ತೇನಿ ನೋಡ್ರಿ" ಎಂದರು ಅತ್ತೆ.

ಊರಿಗೆ ಹೊರಡುವ ದಿನ ಅತ್ತೆ ಬಸುವಿನ ಟೊಪ್ಪಿಗೆಯನ್ನು ತಾವೇ ಕಟ್ಟಿದರು. "ಕೂಸು ಇಲ್ಲೇ ಇರ್ಲಿ" ಎಂದರು. ಸ್ವಲ್ಪ ತಡೆದು, "ಬ್ಯಾಸಿಗಿಗೆ ಕರ್ಕೊಂಡು ಬಾ. ಅಲ್ಲಿ ನಾ ಹೇಳಿದಂಗ" ಎಂದರು. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿದೆ, ಸಮಾಧಾನದಿಂದ ಅತ್ತುಬಿಟ್ಟೆ.

ಬೇಸಿಗೆಗೆ ಗದಗಿಗೆ ಹೋದಾಗ ನಾನು ಮಾಡಿದ್ದನ್ನು ಹೇಳಿದರೆ ನಗುತ್ತೀರಿ. ಸಂಜೆ ಗಾಳಿ ಬೀಸಿತೆಂದು ಬಸುವಿಗೆ ಉಣ್ಣೆ ಟೊಪ್ಪಿಗೆ ಕಟ್ಟಿ ಕಟ್ಟೆಯ ಮೇಲೆ ಕೂರಿಸಿದೆ. ಓಣಿಯ ಹೆಂಗಸರೆಲ್ಲ ಬಂದು ನೋಡಿದರು. "ಬೆಂಗಳೂರಾಕಿ ಬಂದಾಳ" ಎಂದರು. ಮೂರನೆಯ ದಿನ ಬಿಸಿಲಿಗೆ ಅವನ ಮೂಗಿನಿಂದ ರಕ್ತ ಬಂತು. ಅತ್ತೆ ಟೊಪ್ಪಿಗೆ ಕಿತ್ತು, ನೆರಳಿಗೆ ಎಳೆದುಕೊಂಡು, ತಲೆ ಮುಂದಕ್ಕೆ ಬಾಗಿಸಿ ಮೂಗು ಒತ್ತಿ ಹಿಡಿದರು. ರಕ್ತ ನಿಂತ ಮೇಲೆ ನೆತ್ತಿಗೆ ಅಂಗೈ ತುಂಬ ಎಣ್ಣೆ ತಟ್ಟಿದರು. ಈ ಸಲ ನಾನು ಬೇಡ ಎನ್ನಲಿಲ್ಲ. ಬೆಂಗಳೂರಿಗೆ ಮರಳಿದರೆ ಮುನಿಯಮ್ಮ ಹಸು ಹಿಡಿದು ನಿಂತು, "ಬಂದ್ಯಾ ಗದಗದವ್ವ" ಎಂದರು.

ಈಗ ಎರಡೂ ಊರು ಒಂದೇ ರಾಜ್ಯದಲ್ಲಿವೆ. ಆದರೂ ನನ್ನ ಪೆಟ್ಟಿಗೆಯಲ್ಲಿ ಸೀಸೆ, ಟೊಪ್ಪಿಗೆ ಎರಡೂ ಇರುತ್ತವೆ. ಊರಿಗೆ ಹೋಗುವಾಗ ರೈಲು ಹರಿಹರದ ಸೇತುವೆಗೆ ಬಂದರೆ ಬಸುವಿನ ಟೊಪ್ಪಿಗೆ ಬಿಚ್ಚಿ ನೆತ್ತಿಗೆ ಎಣ್ಣೆ ತಟ್ಟುತ್ತೇನೆ. ಬರುವಾಗ ಅದೇ ಸೇತುವೆಯ ಮೇಲೆ ಎಣ್ಣೆ ಒರೆಸಿ ಟೊಪ್ಪಿಗೆ ಕಟ್ಟುತ್ತೇನೆ. ಅವನಿಗೀಗ ನಾಲ್ಕು ತುಂಬಿದೆ. ಹೊಳೆ ಕಂಡ ಕೂಡಲೇ ಕಿಟಕಿಗೆ ಮುಖ ಒತ್ತಿ, "ಅವ್ವಾ, ನಮ್ಮೂರು ಬಂತಾ?" ಎಂದು ಕೇಳುತ್ತಾನೆ. ಹೋಗುವಾಗಲೂ ಕೇಳುತ್ತಾನೆ, ಬರುವಾಗಲೂ ಕೇಳುತ್ತಾನೆ.

ಎರಡು ಸಲವೂ ನಾನು "ಬಂತು" ಎನ್ನುತ್ತೇನೆ.