ಸುಣ್ಣದ ಗುರುತು ಮೇಲಿರಲಿ

ವೈನ್ ಕಂಪನಿಯ ನೆಲಮಾಳಿಗೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಕೀಲಿಯಕ್ಕ. ಗಂಡ ಅಲ್ಲಿ ಮೇಸ್ತ್ರಿಯಾಗಿದ್ದ. ಅವನು ತೀರಿಕೊಂಡ ಮೇಲೆ ಕೀಲಿಕೈ ಅವಳ ಸೊಂಟಕ್ಕೆ ಬಂತು. ಹೆಂಗಸಿಗೆ ಯಾಕಪ್ಪ ಈ ಕತ್ತಲೆ ಕೆಲಸ ಎಂದು ಮೂಗು ಮುರಿದವರೇ ಆಮೇಲೆ ಬಾಟಲಿ ಎತ್ತುವ ಮುನ್ನ ಅವಳ ಮುಖ ನೋಡುವಂತಾದರು. ಬಾಯಿ ಜೋರು. ಬಾಟಲಿ ಅಲ್ಲಾಡಿಸಿದವನ ಜನ್ಮ ಜಾಲಾಡಿಬಿಡುತ್ತಿದ್ದಳು.

ಅದಕ್ಕೆ ಕಾರಣವೂ ಇತ್ತು. ಪೋರ್ಟ್ ವೈನ್ ವರ್ಷಗಟ್ಟಲೆ ಮಲಗಿದಲ್ಲೇ ಮಲಗಿ ಹದಕ್ಕೆ ಬರುತ್ತದೆ. ಆ ಹೊತ್ತಿಗೆ ಅದರ ಗಸಿ ಇಳಿದು ಬಾಟಲಿಯ ಕೆಳಮಗ್ಗುಲಿಗೆ ದಪ್ಪಗೆ ಅಂಟಿಕೊಂಡಿರುತ್ತದೆ. ಕುಲುಕಿದರೆ ಮುಗಿಯಿತು, ಇಡೀ ಬಾಟಲಿ ಬಗ್ಗಡ. ಅದಕ್ಕೇ ಮೇಲ್ಮಗ್ಗುಲಿಗೆ ಸುಣ್ಣದ ಒಂದು ಗುರುತು ಬಳಿದಿರುತ್ತಾರೆ. ಎಲ್ಲಿಗೆ ಒಯ್ದರೂ ಆ ಗುರುತು ಮೇಲೆಯೇ ಇರಬೇಕು.

ಕೊನೆಯ ಗೂಡಿನಲ್ಲಿದ್ದ ಒಂದು ಬಾಟಲಿ ಮಾತ್ರ ಅವಳದೇ. ಮದುವೆಯಾದ ವರ್ಷ ಕಂಪನಿಯ ಯಜಮಾನರು ಉಡುಗೊರೆ ಕೊಟ್ಟದ್ದು. "ನಾವಿಬ್ಬರೂ ಮುದುಕರಾದ ಮೇಲೆ, ಒಳ್ಳೇ ಚಳಿ ಇರೋ ದಿನ ಕುಡಿಯೋಣ ಕಣೆ" ಎಂದು ಗಂಡ ತನ್ನ ಕೈಯಾರೆ ಗುರುತು ಬಳಿದು ಮಲಗಿಸಿದ್ದ. ಮುದುಕನಾಗುವಷ್ಟು ತಾಳ್ಮೆ ಆ ಮಹಾರಾಯನಿಗೆ ಇರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ, ಇನ್ನು ಕೆಲವೇ ದಿನ ಎಂದಾಗ, "ಅದರಲ್ಲಿ ಒಂದು ಗುಟುಕು ತಂದುಕೊಡ್ತೀಯಾ?" ಎಂದು ಕೇಳಿದ್ದ. ಅವಳು ಹೊರಟೂ ಬಿಟ್ಟಿದ್ದಳು. ಕಾರಿಡಾರಿನಲ್ಲಿ ತಡೆದವನು ಅವಳ ತಮ್ಮ. "ಈಗಲೇ ತೆಗೆದ್ರೆ ಭಾವ ಉಳಿಯಲ್ಲ ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತೆ ಅಕ್ಕ. ಗುಣವಾಗಿ ಬಂದು ಕುಡೀಲಿ" ಎಂದು ಕೈ ಹಿಡಿದುಕೊಂಡು ಅತ್ತಿದ್ದ. ಭಾವನ ಮೇಲೆ ಎಷ್ಟು ಜೀವ ಇಟ್ಟಿದ್ದಾನಲ್ಲ ಎಂದು ಅವಳ ಕರುಳು ಚುರ್ರೆಂದಿತ್ತು.

ಆ ತಮ್ಮನನ್ನು ಸಾಕಿದವಳು ಅವಳೇ. ತಾಯಿ ಸತ್ತಾಗ ಅವನಿಗೆ ಮೂಗು ಒರೆಸಿಕೊಳ್ಳಲೂ ಬರುತ್ತಿರಲಿಲ್ಲ. ಬೆಳೆದ ಮೇಲೆ ಕಂಪನಿಗೇ ಸೇರಿಸಿ, ಬಾಟಲಿಗೆ ಬಿರಡೆ ಒತ್ತುವುದು, ಅದರ ಮೇಲೆ ಅರಗು ಕಾಯಿಸಿ ಸುರಿಯುವುದು, ಎಲ್ಲ ಗಂಡ ಹೆಂಡಿರೇ ಕಲಿಸಿದರು. ಪ್ರತಿ ಚಳಿಗಾಲದಲ್ಲೂ ತೇವಕ್ಕೆ ಉದುರಿದ ಗುರುತಿಗೆ ಅವಳು ಹೊಸ ಸುಣ್ಣ ಬಳಿಯುವಾಗ ಪಕ್ಕದಲ್ಲಿ ದೀಪ ಹಿಡಿದು ನಿಲ್ಲುತ್ತಿದ್ದವನೂ ಅವನೇ. ಬಳಿಯುತ್ತಾ ಅವಳು ಗಂಡನ ಮಾತು ಆಡುತ್ತಿದ್ದಳು, ಅವನು ಹೂಂಗುಟ್ಟುತ್ತಿದ್ದ.

ಈಗ ಅವಳ ಮಂಡಿ ಸವೆದಿತ್ತು, ಕೆಲಸ ಬಿಡುವ ದಿನ ಬಂದಿತ್ತು. "ಕೀಲಿಕೈ ಯಾರಿಗೆ ಕೊಡೋಣ, ನೀನೇ ನಾಳೆ ಹೇಳಮ್ಮ. ನೀನು ಹೇಳಿದವನೇ ಮೇಸ್ತ್ರಿ" ಎಂದಿದ್ದರು ಯಜಮಾನರು. ಯಾರಿಗೆ ಎಂದು ಅವಳು ತಲೆ ಕೆಡಿಸಿಕೊಳ್ಳಬೇಕಾದದ್ದೇನೂ ಇರಲಿಲ್ಲ.

ಆ ಸಂಜೆ ಹಲ್ಲು ಕಟಕಟ ಎನ್ನುವ ಚಳಿ. ಕಂಪನಿಯ ಹಿಂದಿನ ಓಣಿಯಲ್ಲಿ ಅವಳ ಮಹಡಿ ಕೋಣೆ. ಒಲೆಯ ಬಿಸಿಗೆ ಕಿಟಕಿಯ ಗಾಜು ಮಬ್ಬಾಗಿತ್ತು. ಮೇಜಿನ ಮೇಲೆ ಎರಡು ಲೋಟ, ಗಾಜಿನ ಹೂಜಿ, ಸೋಸುವುದಕ್ಕೆ ತೆಳು ಬಟ್ಟೆ ಇಟ್ಟು ತಮ್ಮನನ್ನು ಕರೆದಳು.

"ಇವತ್ತು ಆ ಬಾಟ್ಲಿ ತೆಗೆಯೋಣ ಕಣೋ."

ಅವನ ಮುಖ ಹುಳ್ಳಗಾಯಿತು. "ಬೇಡ ಬಿಡಕ್ಕ. ಭಾವನ ನೆನಪು, ಹಾಗೇ ಇರ್ಲಿ."

"ನೆನಪು ಬಾಟ್ಲಿಯಲ್ಲಿ ಇದ್ದು ಏನು ಮಾಡುತ್ತೆ? ಹೋಗು, ನೀನೇ ತಗೊಂಡು ಬಾ" ಎಂದು ಸೊಂಟದ ಕೀಲಿಕೈ ಬಿಚ್ಚಿ ಅವನ ಕೈಗಿಟ್ಟಳು. ನಾಳೆ ಹೇಗೂ ಅವನದೇ ಆಗುವುದು ಎಂಬ ಖುಷಿ ಅವಳಿಗೆ.

ಸ್ವಲ್ಪ ಹೊತ್ತಿಗೆ ಅವನು ದಡದಡ ಮೆಟ್ಟಿಲು ಹತ್ತಿ ಬಂದ. ಬಾಟಲಿಯ ಕತ್ತು ಹಿಡಿದು, ಹಾಲಿನ ಕ್ಯಾನಿನಂತೆ ಬೀಸಿಕೊಂಡು ಬಂದವನು ಕೀಲಿಕೈಯನ್ನು ಮೇಜಿನ ಮೇಲಿಟ್ಟು ಅದರ ಪಕ್ಕದಲ್ಲೇ ಬಾಟಲಿಯನ್ನು ಕುಕ್ಕಿದ.

"ಲೋ, ತಲೆ ನೆಟ್ಟಗಿದೆಯೇನೋ ನಿಂಗೆ? ಇಷ್ಟು ವರ್ಷ ಕಲಿಸಿದ್ದು ಇದನ್ನೇನಾ?"

"ಅಯ್ಯೋ, ಏನೂ ಆಗಲ್ಲ ಬಿಡಕ್ಕ."

ಮನಸ್ಸು ಸರಿಯಿಲ್ಲವೇನೋ ಎಂದುಕೊಂಡು ಅವಳು ಅರಗು ಒಡೆದಳು. ಬಿರಡೆ ಪುಡಿಪುಡಿಯಾಗುತ್ತದೆ ಎಂದು ಹುಷಾರಾಗಿ ಎಳೆದರೆ ಅದು ಗಟ್ಟಿಮುಟ್ಟಾಗಿ, ಕಿರ್ರನೆ ಹೊರಬಂತು. ಬಟ್ಟೆ ಹಿಡಿದು ಹೂಜಿಗೆ ಸುರಿದಳು. ಅಷ್ಟು ಕುಲುಕಿದ ಬಾಟಲಿ, ಚರಂಡಿ ನೀರಿನ ಹಾಗೆ ಕದಡಿರಬೇಕಿತ್ತು. ಕೊನೆಯ ತೊಟ್ಟಿನವರೆಗೂ ತಿಳಿಯಾಗಿಯೇ ಇಳಿಯಿತು. ಬಟ್ಟೆಯ ಮೇಲೆ ಚಿಟಿಕೆ ಗಸಿ ಇಲ್ಲ. ಬಾಟಲಿಯ ಹಿಂದೆ ದೀಪ ಹಿಡಿದು ಒಳಗೆ ನೋಡಿದಳು, ತೊಳೆದಿಟ್ಟಂತಿತ್ತು. ಒಂದು ಗುಟುಕು ಕುಡಿದಳು. ಬರೀ ಸಿಹಿ, ಗಂಟಲು ಸುಡುವ ಖಾರ. ಎಷ್ಟು ವರ್ಷ ಮಲಗಿಸಿದರೂ ಹದಕ್ಕೆ ಬಾರದ ಅಗ್ಗದ ಸರಕು.

ಇದರಲ್ಲಿ ಕದಡುವುದಕ್ಕೆ ಏನೂ ಇಲ್ಲ ಎಂದು ಗೊತ್ತಿದ್ದವನು ಮಾತ್ರ ಹಾಗೆ ಬೀಸಿಕೊಂಡು ಬರಬಲ್ಲ.

"ಯಾವಾಗ ಕುಡಿದೆ?"

ಅವನು ತಲೆ ತಗ್ಗಿಸಿದ. "ತಪ್ಪಾಯ್ತಕ್ಕ. ಪ್ಯಾಕಿಂಗಿನ ಹುಡುಗರು, ನಾನು... ಏನೋ ಹುಡುಗಾಟ. ಆಮೇಲೆ ಸೋಸಿದ ಅಗ್ಗದ ವೈನ್ ತುಂಬಿಸಿ, ಹೊಸ ಬಿರಡೆ ಒತ್ತಿ ಅರಗು ಹಾಕಿಟ್ಟೆ."

"ಯಾವಾಗ ಅಂತ ಕೇಳಿದೆ."

"ಭಾವ ಆಸ್ಪತ್ರೆಗೆ ಸೇರೋಕೆ ಮುಂಚೆ."

"ಮುಂಚೆನಾ?"

ಕೀಲಿಯಕ್ಕನಿಗೆ ಆಸ್ಪತ್ರೆಯ ಆ ಕಾರಿಡಾರು, ಅವನು ಹಿಡಿದುಕೊಂಡಿದ್ದ ತನ್ನ ಕೈ ನೆನಪಾಯಿತು. ಇಷ್ಟು ವರ್ಷ ಯಾವುದೋ ಅಗ್ಗದ ವೈನಿಗೆ ತಾನು ಭಕ್ತಿಯಿಂದ ಸುಣ್ಣ ಬಳಿದದ್ದು, ಇವನು ದೀಪ ಹಿಡಿದು ಹೂಂಗುಟ್ಟಿದ್ದು. ಅಳು ಬರಲಿಲ್ಲ. ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಊರಿನವರ ಕೈಯನ್ನೆಲ್ಲ ಅನುಮಾನದಿಂದ ನೋಡಿದವಳ ಕಿವಿಯ ಮೇಲೆ ಮನೆಯವನೇ ಹೂವಿಟ್ಟಿದ್ದ.

"ಬಯ್ಯಕ್ಕ, ಹೊಡಿ ಬೇಕಾದ್ರೆ" ಎಂದ. ಅವನ ಕಣ್ಣು ಮೇಜಿನ ಮೇಲಿದ್ದ ಕೀಲಿಕೈಯತ್ತ ಹೋಯಿತು. "ನಾಳೆ ಯಜಮಾನರಿಗೆ ಏನು ಹೇಳ್ತೀಯ?"

"ನೀನು ಬಾಟ್ಲಿ ಹೇಗೆ ಹಿಡ್ಕೊಂಡು ಬಂದೆ ಅನ್ನೋದನ್ನ ಹೇಳ್ತೀನಿ. ಮಿಕ್ಕಿದ್ದು ಅವರಿಗೇ ಅರ್ಥ ಆಗುತ್ತೆ."

ಕೀಲಿಕೈ ಎತ್ತಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೂಜಿಯನ್ನು ಅವನ ಕಡೆ ತಳ್ಳಿ, "ಇದು ನಿಂದು, ತಗೊಂಡು ಹೋಗು" ಎಂದಳು. ಅವನು ಅದನ್ನು ಮುಟ್ಟದೆ ಎದ್ದ. ಬಾಗಿಲ ಹತ್ತಿರ ನಿಂತು "ಅಕ್ಕಾ" ಎಂದ.

ಅವಳು ತಲೆ ಎತ್ತಲಿಲ್ಲ.

"ನಿನ್ನ ಭಾವ ಕೇಳಿದ್ದು ಒಂದೇ ಒಂದು ಗುಟುಕು ಕಣೋ" ಎಂದಳು.