ಶಾಯಿ ಬೀಳದ ಹನ್ನೊಂದು ಬೆರಳು

ದುಡಿಯುವ ಜನಕ್ಕೆ ಓಟಿನಲ್ಲಿ ಆಸಕ್ತಿ ಇಲ್ಲ ಎಂದು ಯಾರಾದರೂ ಹೇಳಿದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ಆ ಮಾತನ್ನು ಒಮ್ಮೆ ನಾನೇ, ನನ್ನ ದುಂಡು ಅಕ್ಷರದಲ್ಲಿ, ಸರ್ಕಾರಿ ಕಾಗದದ ಮೇಲೆ ಬರೆದಿದ್ದೇನೆ. ಅದು ಸುಳ್ಳು. ಆ ಸುಳ್ಳು ಹೇಗೆ ಹುಟ್ಟಿತೆಂಬುದನ್ನು ಕ್ರಮವಾಗಿ ಹೇಳುತ್ತೇನೆ.

ಎರಡನೆಯ ಮಹಾಚುನಾವಣೆಯ ಹೊತ್ತಿಗೆ ನಾನು ರಾಜಾಜಿನಗರದ ಒಂದು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಆಗಿನ ರಾಜಾಜಿನಗರ ಅರ್ಧ ಬಡಾವಣೆ, ಅರ್ಧ ಬಯಲು. ನಿವೇಶನಗಳಿಗೆ ಕಲ್ಲು ನೆಟ್ಟಿದ್ದರು, ಮನೆಗಳು ಎದ್ದಿರಲಿಲ್ಲ. ಕಾರ್ಮಿಕರ ಸಾಲುಮನೆಯೊಂದರಲ್ಲಿ ನಾನು ಮತ್ತು ನನ್ನ ಅಕ್ಕ ಇದ್ದೆವು. ಅಕ್ಕ ವಿಧವೆ. ಬಟ್ಟೆ ಮಿಲ್ಲಿನಲ್ಲಿ ನೂಲು ಸುತ್ತುವ ಕೆಲಸ ಅವಳದು. ನನ್ನನ್ನು ಓದಿಸಿ ಮೇಷ್ಟ್ರನ್ನಾಗಿ ಮಾಡಿದವಳು ಅವಳೇ.

ಮೊದಲ ಚುನಾವಣೆಯಲ್ಲಿ ಅವಳಿಗೆ ಓಟು ಹಾಕಲಾಗಿರಲಿಲ್ಲ. ಮಿಲ್ಲಿನವರು ಒಂದು ಗಂಟೆಯ ಪಾಸು ಕೊಟ್ಟಿದ್ದರು. ಮಿಲ್ಲಿನಿಂದ ನಮ್ಮ ಮನೆಗೆ ನಡೆಯುವುದಕ್ಕೇ ಮುಕ್ಕಾಲು ಗಂಟೆ ಬೇಕು. ಹೋಗಿ ಬರುವ ಲೆಕ್ಕವನ್ನು ಆ ಪಾಸು ಬರೆದವನು ಹಾಕಿರಲಿಲ್ಲ, ಅಥವಾ ಹಾಕಿಯೇ ಬರೆದಿದ್ದ.

ಎರಡನೆಯ ಸಲ ಪಾಸೂ ಇಲ್ಲ. ಕಚೇರಿಗಳಿಗೆ ರಜೆ, ಶಾಲೆಗೆ ಪಾಠವಿಲ್ಲ, ಮಿಲ್ಲಿಗೆ ಮಾತ್ರ ಎಂದಿನ ಪಾಳಿ. ಅಕ್ಕ ಏಳಕ್ಕೆ ಮಿಲ್ಲಿನ ಒಳಗಿರಬೇಕು, ಮತದಾನ ಶುರುವಾಗುವುದು ಎಂಟಕ್ಕೆ. ಪಾಳಿ ಬಿಡುವುದು ಮೂರೂವರೆಗೆ. ಗೇಟಿನಲ್ಲಿ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ತಪಾಸಣೆ ಮಾಡಿ ಹೊರಗೆ ಬಿಡುತ್ತಾರೆ. ಮತದಾನ ಮುಗಿಯುವುದು ಐದಕ್ಕೆ. ಮಧ್ಯೆ ಉಳಿದ ಆ ಸಣ್ಣ ಸಂದಿಯಲ್ಲಿ ಅವಳು ತನ್ನ ಓಟನ್ನು ತೂರಿಸಬೇಕಿತ್ತು.

ಅಕ್ಕ ಮೇಸ್ತ್ರಿಯನ್ನು ಕೇಳಿದ್ದಳು. "ನೀನು ಓಟು ಹಾಕಿದ್ರೆ ಇಲ್ಲಿ ನೂಲು ತಾನೇ ಸುತ್ಕೊಳ್ಳುತ್ತಾ?" ಎಂದನಂತೆ.

ಮತದಾನದ ದಿನ ಬೆಳಗ್ಗೆ ಐದೂವರೆಗೆ ಬೀದಿ ನಲ್ಲಿಯ ಹತ್ತಿರ ಸಾಲುಮನೆಯ ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ಅದೇ ಮಿಲ್ಲಿಗೆ ಹೋಗುವವರು, ಅಕ್ಕನೂ ಸೇರಿ ಹನ್ನೊಂದು ಜನ. ನನ್ನನ್ನು ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚುವ ಕೆಲಸಕ್ಕೆ ಹಾಕಿದ್ದರು, ಅದೂ ನನ್ನ ಶಾಲೆಯಲ್ಲೇ. ಅದು ಅವರಿಗೆಲ್ಲ ಗೊತ್ತಿತ್ತು.

"ಮೇಷ್ಟ್ರೇ, ನಂಗೆ ಎರಡು ಬೊಟ್ಟು ಹಾಕ್ಬೇಕು. ಹೋದ್ಸಲದ್ದೂ ಸೇರಿಸಿ," ಎಂದಳು ಮೂಲೆಮನೆಯ ಅಜ್ಜಿ. ಅವಳೇ ಎಲ್ಲರಿಗಿಂತ ಹಿರಿಯಳು, ನಾಲಿಗೆಯೂ ಹಿರಿದು.

"ಐದರೊಳಗೆ ಬನ್ನಿ. ಐದಾದ ಮೇಲೆ ಅಕ್ಕನಾದರೂ ಬಿಡಲ್ಲ," ಎಂದೆ.

"ಬಿಡಲ್ಲ ಕಣಮ್ಮ, ನಂಗೊತ್ತು ಇವನ ಬುದ್ಧಿ," ಎಂದಳು ಅಕ್ಕ.

ನನ್ನ ಬುದ್ಧಿಯ ವಿಷಯ ಇಲ್ಲಿ ಹೇಳಲೇಬೇಕು. ತಡವಾಗಿ ಬಂದ ಮಕ್ಕಳನ್ನು ನಾನು ಗೇಟಿನ ಹೊರಗೆ ನಿಲ್ಲಿಸುತ್ತಿದ್ದೆ. ಶಾಲೆಯ ಮುಂದೆ ತೂಗುಹಾಕಿದ ರೈಲು ಕಂಬಿಯ ತುಂಡೇ ನಮ್ಮ ಬೆಲ್. ಕೆಲಸದ ದಿನಗಳಲ್ಲಿ ಅದು ಒಂದು ನಿಮಿಷ ಅತ್ತಿತ್ತ ಆಗಕೂಡದೆಂದು ಜವಾನನಿಗೆ ನನ್ನ ಕಟ್ಟಪ್ಪಣೆ. ಆ ದಿನವೂ ಅವನು ಬಂದು ಕೇಳಿದ:

"ಇವತ್ತು ಮಕ್ಳಿಲ್ವಲ್ಲ ಸಾರ್. ಬೆಲ್ ಹೊಡೀಲಾ, ಬೇಡ್ವಾ?"

"ಕೆಲಸದ ದಿನ ತಾನೇ? ಕೇಳೋದೇನಿದೆ, ಹೊಡಿ," ಎಂದೆ.

ಹಗಲೆಲ್ಲ ಕಚೇರಿಯವರು, ಅಂಗಡಿಯವರು, ನಿವೃತ್ತರು ಬಂದರು. ಊಟ ಮುಗಿಸಿ, ತಾಂಬೂಲ ಹಾಕಿಕೊಂಡು, ಕುಟುಂಬ ಸಮೇತ ಬಂದವರೂ ಇದ್ದರು. ನಾಲ್ಕರ ನಂತರ ಸಾಲು ಕರಗಿತು. ನಾನು ಶಾಯಿ ಬಾಟಲಿಯ ಮುಂದೆ ಕೂತು ಕಿಟಕಿಯಾಚೆ ನೋಡುತ್ತಿದ್ದೆ. ಬಯಲಿನ ಅಂಚಿನಲ್ಲಿ ಹೆಂಗಸರ ಗುಂಪೊಂದು ಕಾಣಿಸಿತು. ಬಿರುಸಾಗಿ ನಡೆಯುತ್ತಿದ್ದರು, ಒಂದಿಬ್ಬರು ಓಡುತ್ತಿದ್ದರು. ಮುಖ ಗುರುತಿಸುವಷ್ಟು ಹತ್ತಿರ ಇರಲಿಲ್ಲ. ತಲೆಗೂದಲಿಗೆ ಹತ್ತಿಯ ಎಳೆ ಮೆತ್ತಿಕೊಂಡು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದುದರಿಂದ ಮಿಲ್ಲಿನವರೆಂದು ತಿಳಿಯಿತು.

ಅಷ್ಟರಲ್ಲಿ ನಾಲ್ಕೂವರೆ. ಶಾಲೆ ಬಿಡುವ ಹೊತ್ತು. ಜವಾನ ಲಾಂಗ್ ಬೆಲ್ ಹೊಡೆದ.

ಬಯಲಿನಲ್ಲಿದ್ದ ಹೆಂಗಸರು ನಿಂತುಬಿಟ್ಟರು. ಓಡುತ್ತಿದ್ದವರೂ ನಿಂತರು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ತಿರುಗಿ, ಸಾಲುಮನೆಗಳ ಕಡೆಗೆ ನಿಧಾನವಾಗಿ ಹೊರಟುಹೋದರು.

ನನಗೆ ಏನೂ ಹೊಳೆಯಲಿಲ್ಲ. ಬೆಲ್ ಸರಿಯಾದ ನಿಮಿಷಕ್ಕೆ ಆಯಿತೆಂದು ಗಡಿಯಾರ ನೋಡಿ ಸಮಾಧಾನಪಟ್ಟುಕೊಂಡೆನೆಂದರೆ ನಂಬಿ.

ನಮ್ಮ ಮತಗಟ್ಟೆಯ ಮುಖ್ಯಾಧಿಕಾರಿ ಯಾವುದೋ ಕಚೇರಿಯ ಹೆಡ್ ಗುಮಾಸ್ತರು. "ನೋಡಿದ್ರಾ ಮೇಷ್ಟ್ರೇ, ಇಲ್ಲೀವರೆಗೆ ಬಂದು ವಾಪಸ್ ಹೋದ್ರು! ಇಂಥೋರಿಗೆಲ್ಲ ಯಾಕ್ರೀ ಓಟು?" ಎಂದು ನಕ್ಕರು. ಕೊನೆಯ ಅರ್ಧ ಗಂಟೆ ಒಬ್ಬರೂ ಬರಲಿಲ್ಲ. ಬಾಗಿಲು ಹಾಗೇ ತೆರೆದಿತ್ತು. ಐದಕ್ಕೆ ಬಾಗಿಲು ಹಾಕಿ ಅವರು ವರದಿ ಹೇಳಿದರು, ಅಕ್ಷರ ಚೆನ್ನಾಗಿದೆಯೆಂದು ನನ್ನಿಂದ ಬರೆಸಿದರು: "ಕಾರ್ಮಿಕ ವರ್ಗದಲ್ಲಿ ಮತದಾನದ ಬಗ್ಗೆ ಆಸಕ್ತಿ ಕಡಿಮೆ." ಬರೆದೆ. ಪೆಟ್ಟಿಗೆಗಳ ಜೊತೆ ಆ ಕಾಗದವೂ ಸೀಲಾಗಿ ಹೋಯಿತು.

ದೀಪ ಹಚ್ಚಿದ ಮೇಲೆ ಮನೆಗೆ ಬಂದೆ. ಅಕ್ಕ ಅಕ್ಕಿ ಆರಿಸುತ್ತಿದ್ದಳು. ಎಡಗೈ ನೋಡಿದೆ, ಬೆರಳಿನಲ್ಲಿ ಶಾಯಿ ಇರಲಿಲ್ಲ.

"ಯಾಕೆ ಬರ್ಲಿಲ್ಲ?"

"ಬಂದ್ವಲ್ಲೋ. ಬಯಲು ದಾಟೋಷ್ಟರಲ್ಲಿ ಬೆಲ್ ಹೊಡೆದ್ಬಿಟ್ರಿ."

"ಅದು ಸ್ಕೂಲ್ ಬೆಲ್ ಅಕ್ಕ. ಓಟಿಗೆ ಇನ್ನೂ ಅರ್ಧ ಗಂಟೆ ಇತ್ತು."

ಮೊರದ ಮೇಲೆ ಅವಳ ಕೈ ನಿಂತಿತು. "ಅರ್ಧ ಗಂಟೆ ಇತ್ತಾ? ಇವತ್ತು ಸ್ಕೂಲೇ ಇಲ್ವಲ್ಲ, ಓಟು ಮುಗಿದಿದ್ದಕ್ಕೇ ಹೊಡೆದ್ರು ಅಂದ್ಕೊಂಡ್ವಿ."

"ಬಂದು ಕೇಳ್ಬಾರ್ದಿತ್ತಾ?"

"ಏನೋ ಕೇಳೋದು?" ಅವಳ ದನಿ ಏರಿತು. "ಮಿಲ್ಲಲ್ಲಿ ಸೈರನ್ ಆದ್ಮೇಲೆ ಒಂದ್ಸಲನಾದ್ರೂ ಗೇಟ್ ತೆಗ್ದಿದ್ದಾರಾ? ಬಡ್ಕೊಂಡವಳಿಗೆ ಮಾರನೇ ದಿನದ ಕೆಲ್ಸಾನೂ ಇಲ್ಲ. ಇಲ್ಲಿ ಬಾಗಿಲಲ್ಲಿ ಕೂತಿರೋನು ನೀನು. ಚಿಕ್ಕ ಮಕ್ಳನ್ನೇ ಹೊರಗೆ ನಿಲ್ಸೋನು. ಅಷ್ಟು ಜನರ ಮುಂದೆ ನಿನ್ನ ಹತ್ರ ಬೇಡ್ಕೊಳ್ಳಲಾ?"

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. "ಬೆಳಗ್ಗೆ ನಲ್ಲಿ ಹತ್ರ ಬಾ. ಅವ್ರೆಲ್ಲ ಐದಾಗಿಹೋಗಿತ್ತು ಅಂದ್ಕೊಂಡಿದ್ದಾರೆ. ಕಾಲು ಸಾಲ್ದೇ ಹೋಯ್ತು, ಇನ್ನಷ್ಟು ಓಡ್ಬೇಕಿತ್ತು ಅಂತ ಒಬ್ಬರನ್ನೊಬ್ಬರು ಬೈಕೊಂಡು ಬಂದ್ವಿ. ನಿಜ ಏನು ಅಂತ ನೀನೇ ಹೇಳು."

ಹೋದೆ. ಕೊಡಗಳ ನಡುವೆ ನಿಂತು, ಬಾಗಿಲು ತೆರೆದೇ ಇತ್ತು, ಬೆಲ್ ಹೊಡೆಸಿದವನು ನಾನೇ ಎಂದು ಹೇಳಿದೆ.

ಮೂಲೆಮನೆಯ ಅಜ್ಜಿ ತನ್ನ ಕೊಡ ತುಂಬುವವರೆಗೆ ಕಾದಳು. "ಬೆಲ್ ಹಾಳಾಗ್ಲಿ ಮೇಷ್ಟ್ರೇ. ಒಂದ್ ಮಾತು ಹೇಳಿ. ನಾವು ದಿನಾ ಐದೂವರೆಗೆ ಇಲ್ಲಿ ನಿಂತಿರ್ತೀವಿ. ನಿಮ್ಮ ಓಟಿನ ಡಬ್ಬಾನ ಆರು ಗಂಟೆಗೆ ತೆಗೆಯೋಕೆ ಸರ್ಕಾರಕ್ಕೆ ಏನು ರೋಗ? ಸಾಯಂಕಾಲ ಏಳರವರೆಗೆ ಇಟ್ರೆ ಯಾರಪ್ಪನ ಗಂಟು ಹೋಗುತ್ತೆ? ಎಂಟರಿಂದ ಐದು ಅಂತ ಬರೆದೋನು ಯಾವತ್ತಾದ್ರೂ ಪಾಳಿ ಮಾಡಿದ್ನಾ?"

ಮಿಲ್ಲಿನ ಮೊದಲ ಸೈರನ್ ಕೇಳಿಸಿತು. ಹನ್ನೊಂದು ಜನವೂ ಕೊಡ ಎತ್ತಿಕೊಂಡು ಹೊರಟರು. ಅಜ್ಜಿಯ ಮಾತನ್ನು ಆ ದಿನವೇ, ಅದೇ ದುಂಡು ಅಕ್ಷರದಲ್ಲಿ ಬರೆದು ಮೇಲಿನವರಿಗೆ ಕಳಿಸಿದೆ. ಹಿಂದಿನ ದಿನ ಬರೆದ ವಾಕ್ಯ ತಪ್ಪು, ದಯವಿಟ್ಟು ಹೊಡೆದುಹಾಕಿ ಎಂದೂ ಸೇರಿಸಿದೆ. ಸೀಲು ಮಾಡಿದ ಕಾಗದವನ್ನು ತಿದ್ದಲು ಅವಕಾಶವಿಲ್ಲವೆಂದು ಉತ್ತರ ಬಂತು. ಅಜ್ಜಿ ಕೇಳಿದ ಸಮಯದ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.