ಟೀಚರ್‌ಗೊಂದು ಹಗುರವಾದ ಪರದೆ

ಟೀಚರ್ ಅವರ ಎರಡೂ ಕಿರುಬೆರಳುಗಳು ಹೊರಕ್ಕೆ ಬಾಗಿದ್ದವು. ಕಾಫಿ ಲೋಟ ಹಿಡಿದಾಗಲೂ ಅವೆರಡು ಲೋಟಕ್ಕೆ ತಾಗದೆ ಬೇರೆಯೇ ನಿಲ್ಲುತ್ತಿದ್ದವು. ಟೈಪ್‌ರೈಟರಿನ ಅಂಚಿನ ಕೀಗಳನ್ನು ಒತ್ತಿ ಒತ್ತಿ ಹಾಗಾದವು ಎಂದು ಅವರೇ ಹೇಳುತ್ತಿದ್ದರು. ನನಗೆ ಟೈಪಿಂಗ್ ಕಲಿಸಿದ್ದು ಆ ಬೆರಳುಗಳು.

ಮೂರ್ನಾಡಿನಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಶಾಲೆ ಇತ್ತು. ಯಂತ್ರಗಳು ಕಡಿಮೆ, ಕಲಿಯುವವರು ಹೆಚ್ಚು. ಹಾಗಾಗಿ ಹೊಸಬರು ಮೊದಲು ಬೆಂಚಿನ ಮೇಲೆ ಬೆರಳು ಬಡಿದು ಅಭ್ಯಾಸ ಮಾಡಬೇಕಿತ್ತು. ಟೀಚರ್ ಹಿಂದೆ ನಿಂತು ಬೆರಳು ನೋಡಿಯೇ ತಪ್ಪು ಹಿಡಿಯುತ್ತಿದ್ದರು. “ಉಂಗುರದ ಬೆರಳು ಸಂತೆಗೆ ಹೋಗೈತೇನೇ ಮಗಾ?” ಎನ್ನುವರು. ಅವರದು ಶನಿವಾರಸಂತೆ ಕಡೆಯ ಮಾತು. ನಾವು ಮಾತ್ರ ಬೆರಳು ನೋಡುವಂತಿರಲಿಲ್ಲ. ನೋಡಿದರೆ ಕೈಯ ಮೇಲೆ ಟವೆಲ್ ಹೊದಿಸಿಬಿಡುವರು. “ಬೆರಳು ನೋಡ್ಬೇಡ ಕಣೇ, ಕಣ್ಣಿಗೆ ಬೇರೆ ಕೆಲಸ ಐತೆ.” ಅವರು ಆಚೆ ಹೋದ ಕೂಡಲೇ ನಾವು ಎದುರುಬದುರು ಕೂತು ಬೆಂಚು ಬಡಿದೇ ಮಾತಾಡಿಕೊಳ್ಳುತ್ತಿದ್ದೆವು. ಯಾರ ಚಪ್ಪಲಿ ಹರಿದಿದೆ, ಯಾರಿಗೆ ಹಸಿವಾಗಿದೆ, ಎಲ್ಲವನ್ನೂ ಯಾವ ಬೆರಳು ಎಲ್ಲಿ ಬಡಿಯಿತೆಂದು ನೋಡಿಯೇ ಓದುತ್ತಿದ್ದೆವು.

ಮುಂದೆ ಆ ಶಾಲೆ ಮುಚ್ಚಿತು. ನಾನು ಅದೇ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಹಾಕಿದೆ. ಒಂದು ದಿನ ಟೀಚರ್ ತಮ್ಮ ತಂಗಿಯ ಜೊತೆ ಬಂದರು. ಗಂಟಲಿನ ಆಪರೇಷನ್ ಆಗಿ ಅವರ ಧ್ವನಿ ಪೂರ್ತಿ ಹೋಗಿತ್ತು. ಹಳೆಯ ಲ್ಯಾಪ್‌ಟಾಪನ್ನು ಕೌಂಟರಿನ ಮೇಲಿಟ್ಟು ಏನೋ ಟೈಪ್ ಮಾಡಿದರು. ಬೆರಳು ನಿಂತು ಎಷ್ಟೋ ಹೊತ್ತಾದ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು: “ಇದೇ ಈಗ ನನ್ನ ಬಾಯಿ.”

“ಅಕ್ಕ ಬೈದದ್ದು ನಂಗೆ ಊಟ ಮುಗಿದ್ಮೇಲೆ ಗೊತ್ತಾಯ್ತದೆ” ಎಂದು ತಂಗಿ ನಕ್ಕರು. ಆಮೇಲೆ ನನ್ನನ್ನು ಬದಿಗೆ ಕರೆದು, “ಈಗೀಗ ಟೈಪ್ ಮಾಡೋದೂ ಬಿಡ್ತಾವ್ಳೆ. ಬರೀ ತಲೆ ಆಡಿಸ್ತಾಳೆ. ನಂಗೆ ಭಯ ಆಯ್ತದೆ” ಎಂದರು.

ಭಯ ನನಗೂ ಹತ್ತಿತು. ಹೊಸ ಲ್ಯಾಪ್‌ಟಾಪ್ ತೋರಿಸಿದೆ. ಅದರ ಚಪ್ಪಟೆ ಕೀ ಮುಟ್ಟಿ, ಹಪ್ಪಳದ ಮೇಲೆ ಬಡಿದ ಹಾಗಿದೆ ಎಂಬಂತೆ ಮುಖ ಸಿಂಡರಿಸಿದರು. ಹಾಗಾದರೆ ಹಳೆಯದನ್ನೇ ಹಗುರ ಮಾಡಬೇಕು. ವಿಂಡೋಸ್ ತೆಗೆದು ಹಗುರವಾದ ಲಿನಕ್ಸ್ ಹಾಕುವುದು ಸುಲಭ. ಕಷ್ಟವಿರುವುದು ಅದರ ಮೇಲೆ ಕೂರಿಸುವ ಡೆಸ್ಕ್‌ಟಾಪ್ ಆರಿಸುವುದರಲ್ಲಿ. ಪರದೆಯ ಚಿತ್ರ, ಮೆನು, ಕಿಟಕಿಗಳನ್ನೆಲ್ಲ ನಡೆಸುವುದು ಅದೇ, ಮೆಮೊರಿ ತಿನ್ನುವುದೂ ಅದೇ. ಒಂದು ಚೆಂದವಿತ್ತು, ಅಕ್ಷರ ತಡ. ಇನ್ನೊಂದು ಚುರುಕಾಗಿತ್ತು, ಕನ್ನಡದ ಒತ್ತಕ್ಷರ ಬಂದಾಗ ತಡವರಿಸಿತು. ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಬೇರೆ ಗಿರಾಕಿಯ ಕೆಲಸವಾಗಿದ್ದರೆ ಯಾವುದೋ ಒಂದು ಹಾಕಿ ಕಳಿಸುತ್ತಿದ್ದೆ. ಇಲ್ಲಿ ತಪ್ಪು ಆರಿಸಿದರೆ ಟೀಚರ್ ಮಾತೇ ನಿಂತುಹೋಗುತ್ತದೆ ಎಂದು ಅನ್ನ ಸೇರದಾಯಿತು.

ಕೊನೆಗೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಹಾಕಿ, ದೊಡ್ಡ ದೊಡ್ಡ ಬಟನ್ ಜೋಡಿಸಿ, ಹೊಸ ಮೌಸ್ ಸಮೇತ ಅವರ ಮನೆಗೆ ಹೋದೆ. ಟೀಚರ್ ಮೌಸನ್ನು ಜಿಗಣೆ ಕಿತ್ತೆಸೆಯುವ ಹಾಗೆ ಬೆರಳ ತುದಿಯಿಂದ ಆಚೆ ತಳ್ಳಿ ಟೈಪ್ ಮಾಡಿದರು: “ಕೈ ಕೀ ಬಿಟ್ಟು ಎದ್ರೆ ಮಾತು ಮುರೀತದೆ.”

ಅಲ್ಲಿಗೆ ಡೆಸ್ಕ್‌ಟಾಪಿನ ಆಸೆಯನ್ನೇ ಬಿಟ್ಟು, ಕಿಟಕಿಗಳನ್ನಷ್ಟೇ ನೋಡಿಕೊಳ್ಳುವ ಬರೀ ವಿಂಡೋ ಮ್ಯಾನೇಜರ್ ಹಾಕಿದೆ. ಚಿತ್ರವಿಲ್ಲ, ಬಟನ್ ಇಲ್ಲ, ಎಲ್ಲ ಕೀಯಿಂದಲೇ. ಆನ್ ಮಾಡಿದರೆ ಪರದೆ ತುಂಬ ಒಂದು ಬಿಳಿ ಹಾಳೆ, ದಪ್ಪ ಅಕ್ಷರ. ಟೀಚರ್ ಬೆರಳಿಟ್ಟರು. ಬೆರಳಿನ ಜೊತೆಗೇ ಅಕ್ಷರ ಬಿತ್ತು. ತಂಗಿಯ ಕಡೆ ತಿರುಗಿ ಅವರು ಹೇಳಿದ ಮೊದಲ ಮಾತು: “ನಿನ್ನ ಸಾರಿಗೆ ಉಪ್ಪು ಸಾಲದು ಅಂತ ಆವಾಗಿಂದ ಹೇಳ್ಬೇಕು ಅಂತಿದ್ದೆ.” ತಂಗಿ ನಗುತ್ತಲೇ ಅತ್ತರು. ನಾನೂ ಅತ್ತೆ.

ಎಲ್ಲವನ್ನೂ ಕಿತ್ತುಹಾಕುವ ಹುಮ್ಮಸ್ಸಿನಲ್ಲಿ ಬ್ಯಾಟರಿ ಮುಗಿಯುತ್ತಿದೆ ಎಂದು ಎಚ್ಚರಿಸುವುದನ್ನೂ ಕಿತ್ತುಹಾಕಿದ್ದೆ. ಬರೀ ವಿಂಡೋ ಮ್ಯಾನೇಜರ್ ನೆಚ್ಚಿಕೊಂಡವರು ಮಾಡುವ ತಪ್ಪೇ ಇದು. ಒಂದು ದಿನ ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗಿತ್ತು. ನಾನು ಅವರ ಮನೆಯಲ್ಲೇ ಇದ್ದೆ. ಟೀಚರ್ ಏನೋ ಹೇಳುತ್ತಿರುವಾಗ ಪರದೆ ಕಪ್ಪಾಯಿತು. ಅವರು ಮೇಜಿನ ಮೇಲೆ ಬೆರಳು ಬಡಿಯತೊಡಗಿದರು. ಬಗ್ಗಿ ಓದಿದೆ: “ಬೆಂಚು ಮರೆತ್ಯಾ?” ಮರೆತಿರಲಿಲ್ಲ. ಮರುದಿನವೇ ಎಚ್ಚರಿಕೆಯ ಸದ್ದು ಹಾಕಿಕೊಟ್ಟೆ.

ಗಂಟಲಿನ ಕಾಯಿಲೆ ಮರುಕಳಿಸಿ ಅವರನ್ನು ಮಡಿಕೇರಿಯಲ್ಲಿ ಆಸ್ಪತ್ರೆಗೆ ಸೇರಿಸಿದಾಗ ಲ್ಯಾಪ್‌ಟಾಪನ್ನು ಒಳಗೆ ಬಿಡಲಿಲ್ಲ. ನಾನು ಹೋದಾಗ ಹೊದಿಕೆಯ ಮೇಲೆ ಅವರ ಬೆರಳುಗಳು ಆಡುತ್ತಿದ್ದವು. ನಡುಕವೆಂದುಕೊಂಡು ನರ್ಸ್ ಮೆಲ್ಲಗೆ ಕೈ ಹಿಡಿದರು.

“ಹಿಡ್ಕೋಬೇಡಿ ಸಿಸ್ಟರ್, ಅವರು ಮಾತಾಡ್ತಾ ಇದ್ದಾರೆ” ಎಂದೆ.

ನರ್ಸ್ ಕೈ ಬಿಟ್ಟರು. ಒಂದಕ್ಷರವೂ ತಪ್ಪಿಹೋಗಬಾರದೆಂದು ಬಗ್ಗಿ, ರೆಪ್ಪೆ ಮಿಟುಕಿಸದೆ ನೋಡುತ್ತ ಕೂತೆ. ಬಾಗಿದ ಕಿರುಬೆರಳುಗಳು ನಿಧಾನವಾಗಿ ಹೇಳಿದವು: “ಬೆರಳು ನೋಡ್ಬೇಡ. ಮುಖ ನೋಡು.”

ತಲೆ ಎತ್ತಿದೆ. ಬಂದಾಗಿನಿಂದ ನಾನು ಅವರ ಮುಖ ನೋಡಿಯೇ ಇರಲಿಲ್ಲ. ತುಂಬ ಬಡವಾಗಿತ್ತು, ಆದರೂ ನನ್ನನ್ನು ಗೇಲಿ ಮಾಡುವ ಹಳೆಯ ನಗು ಅಲ್ಲೇ ಇತ್ತು. ಕೆಳಗೆ ಹೊದಿಕೆಯ ಮೇಲೆ ಬೆರಳುಗಳು ಮತ್ತೆ ಆಡಿದ ಸರಸರ ಸದ್ದು ಕಿವಿಗೆ ಬಿತ್ತು. ಬಹಳ ಹೊತ್ತು ಆಡಿದವು. ನಾನು ತಲೆ ಬಗ್ಗಿಸಲಿಲ್ಲ.

ಮರುದಿನ ಮಧ್ಯಾಹ್ನ ಟೀಚರ್ ತೀರಿಕೊಂಡರು. ಹಿಂದಿನ ದಿನ ಆ ಹೊದಿಕೆಯ ಮೇಲೆ ಏನು ಹೇಳಿದರೋ ಎಂದು ಇವತ್ತಿಗೂ ಜೀವ ಚಡಪಡಿಸುತ್ತದೆ. ತಂಗಿ ಆ ಲ್ಯಾಪ್‌ಟಾಪನ್ನು ನನಗೇ ಕೊಟ್ಟರು. ಇಷ್ಟನ್ನೂ ಅದರಲ್ಲೇ, ಆ ಬಿಳಿ ಹಾಳೆಯ ಮೇಲೆಯೇ ಟೈಪ್ ಮಾಡಿದ್ದೇನೆ. ಬೆರಳು ನೋಡಿಲ್ಲ, ಟೀಚರ್.